ಮುಖ್ಯ ನ್ಯಾಯಾಧೀಶರ ಮೂರು ಪ್ರಶ್ನೆ

“ಕೇಳ್ರಪ್ಪೋ ಕೇಳ್ರಿ! ಮುಖ್ಯ ನ್ಯಾಯಾಧೀಶ ವ್ಯಾಘ್ರಸೇನರು ಮೂರು ಒಗಟು ಒಡ್ಡುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಅವರ ಪೀಠ. ಒಂದು ತಪ್ಪಿದರೂ ತಲೆದಂಡ. ಇದು ನಂದಿಧ್ವಜ ಮಹಾರಾಜರ ಅಪ್ಪಣೆ!”

ಡಂಗುರ ರಾಜನದು, ತಲೆದಂಡದ ಉಪಾಯ ಮಾತ್ರ ವ್ಯಾಘ್ರಸೇನನದು. ಉತ್ತರಾಧಿಕಾರಿ ಬೇಕೆಂದು ರಾಜ ಹಟ ಹಿಡಿದಿದ್ದ. ಮುದುಕನಿಗೋ ಚಿತೆಗೆ ಹೋಗುವವರೆಗೆ ಪೀಠ ಬಿಡುವ ಮನಸ್ಸಿರಲಿಲ್ಲ.

ಡಂಗುರ ಕೇಳಿ ದೂಮ ಲೇಖನಿ ಕೆಳಗಿಟ್ಟ. ಬಂದರಿನ ನ್ಯಾಯಾಲಯದಲ್ಲಿ ಅವನು ನಕಲು ಬರೆಯುವವನು. ದ್ವೀಪದ ನಾಡಿನಿಂದ, ಇನ್ನೂ ದೂರದ ಸಾಗರದಾಚೆಯ ನಾಡಿನಿಂದ ಹಡಗಿನಲ್ಲಿ ಬಂದಿಳಿಯುವ ವಕೀಲರ ಅರ್ಹತಾಪತ್ರಗಳೆಲ್ಲ ಅವನ ಕೈಯಿಂದಲೇ ನಕಲಾಗುತ್ತಿದ್ದವು. ಅವನ ಅಪ್ಪ ಐತ ಅಂಬಿಗ. ಮಾಡದ ಕೊಲೆಯ ಆರೋಪ ಹೊತ್ತು ವ್ಯಾಘ್ರಸೇನನ ಮುಂದೆ ನಿಂತಿದ್ದ. ಆ ರಾಜ್ಯದಲ್ಲಿ ಅಹವಾಲು ಬರೆಯುವ ವಕೀಲ ಬೇರೆ, ವಾದಿಸುವ ವಕೀಲ ಬೇರೆ; ಮೊದಲಿನವನು ಬರೆದುಕೊಡದೆ ಯಾರೂ ಬಾಯಿ ತೆರೆಯುವಂತಿಲ್ಲ. ಅದು ತಿಳಿಯದ ಐತ, “ನಾನು ಕೊಂದಿಲ್ಲ ಸ್ವಾಮಿ” ಎಂದು ತಾನೇ ಬಾಯಿಬಿಟ್ಟ. “ಬರೆಯುವ ವಕೀಲನಿಲ್ಲದೆ ಬಂದವನ ಮಾತನ್ನು ಈ ನ್ಯಾಯಾಲಯ ಕೇಳುವುದಿಲ್ಲ” ಎಂದು ತೀರ್ಪಾಯಿತು. ಸಂಜೆಗೆ ಗಲ್ಲಾಯಿತು. ಆ ತೀರ್ಪಿನ ಮೂರು ಪ್ರತಿಗಳನ್ನು ದೂಮನಿಂದಲೇ ಬರೆಸಿದರು. ಅವತ್ತಿನಿಂದ ಅವನಿಗೆ ಬೇಕಾಗಿದ್ದುದು ಒಂದೇ, ಸೇಡು.

ದೂಮ ಸಭೆಗೆ ಬರುವಷ್ಟರಲ್ಲಿ ಎಂಟು ತಲೆ ಉರುಳಿದ್ದವು. ವ್ಯಾಘ್ರಸೇನ ಒಂಬತ್ತನೆಯವನನ್ನು ಕೇಳಿದ: “ದ್ವೀಪದ ನಾಡಿನಲ್ಲಿ ವಾದಿಸುವ ವಕೀಲನಾಗಲು ಓದೊಂದೇ ಸಾಲದು. ಹಸುಗೂಸೂ ಮಾಡುವ ಒಂದು ಕೆಲಸವನ್ನು ಲೆಕ್ಕವಿಟ್ಟು ಮಾಡಬೇಕು. ಏನದು?”

ಒಂಬತ್ತನೆಯವನು ಆ ನಾಡಿನಲ್ಲೇ ಕಲಿತು ಬಂದ ವಕೀಲ, ಉತ್ತರ ಬಲ್ಲವನು. ಆದರೆ ತುಂಬಿದ ಸಭೆಯಲ್ಲಿ ಅದನ್ನು ಹೇಳಲು ನಾಚಿಕೆಯಾಯಿತು. “ಧ್ಯಾನ” ಅಂದ. ತಲೆ ಹೋಯಿತು. ಅಂಥವನನ್ನು ಕಂಡರೆ ನನಗೆ ಅಯ್ಯೋ ಅನ್ನಿಸುವುದಿಲ್ಲ. ಹತ್ತನೆಯವನು ಉತ್ತರವನ್ನು ವ್ಯಾಘ್ರಸೇನನ ಕಿವಿಯಲ್ಲಷ್ಟೇ ಉಸುರಿ ಅದನ್ನು ದಾಟಿ, ಎರಡನೆಯ ಒಗಟಿಗೆ “ಮದುವೆ” ಎಂದು ಸತ್ತ.

ದೂಮ ಮುಂದೆ ಬಂದಾಗ ವಕೀಲರ ಸಾಲು ಕಿಸಕ್ಕೆಂದಿತು.

“ಮೊದಲನೆಯದಕ್ಕೆ ಉತ್ತರ ಊಟ, ಬುದ್ಧಿ. ಹಿರಿಯ ವಕೀಲರ ಜತೆ ಒಂದೇ ಪಂಕ್ತಿಯಲ್ಲಿ ಇಂತಿಷ್ಟು ಊಟ ಮಾಡದಿದ್ರೆ ಅಲ್ಲಿ ಕರಿ ನಿಲುವಂಗಿ ಕೊಡಲ್ಲ. ಪತ್ರದಲ್ಲಿ ಊಟದ ಲೆಕ್ಕಾನೂ ಇರುತ್ತೆ, ನಾನೇ ನಕಲು ಮಾಡಿದೀನಿ.”

“ಸರಿ. ದ್ವೀಪದವನು ಮೀಸೆ ಚಿಗುರುವಾಗಲೇ ಕಾನೂನು ಶಾಲೆಯ ಹೊಸ್ತಿಲು ದಾಟುತ್ತಾನೆ. ಸಾಗರದಾಚೆಯವನು ಮೊದಲು ಬೇರೊಂದು ಹೊಸ್ತಿಲು ದಾಟಬೇಕು. ಯಾವುದು?”

“ಬೇರೆ ಪದವಿ. ಚರಿತ್ರೆಯೋ ಗಣಿತವೋ ಓದಿ ಮುಗಿಸಿದ ಮೇಲೇ ಅಲ್ಲಿ ಕಾನೂನು ಕಲಿಸೋದು. ಅವರ ಪತ್ರಗಳು ಯಾವಾಗಲೂ ಜೋಡಿ, ಬುದ್ಧಿ.”

ವ್ಯಾಘ್ರಸೇನ ಬೆವರೊರೆಸಿಕೊಂಡ. “ಸತ್ತು ನೂರು ವರ್ಷವಾದವನು ಪೀಠದಲ್ಲಿ ಕೂತವನ ಕೈ ಕಟ್ಟುತ್ತಾನೆ. ದ್ವೀಪದಲ್ಲೂ, ಸಾಗರದಾಚೆಯೂ, ನಮ್ಮಲ್ಲೂ. ಯಾವ ಹಗ್ಗದಿಂದ?”

“ತನ್ನ ತೀರ್ಪಿನಿಂದ. ಹಿಂದಿನವರು ಕೊಟ್ಟ ತೀರ್ಪಿನ ಹಾದೀಲೇ ಮುಂದಿನವರು ನಡೀಬೇಕು. ಬದುಕಿರೋರ ತೀರ್ಪೂ ಹಂಗೇ ಕಟ್ಟುತ್ತಲ್ವಾ, ಬುದ್ಧಿ?”

“ಕಟ್ಟದೆ ಏನು? ರದ್ದಾಗುವ ತನಕ ಕಟ್ಟುತ್ತೆ!” ಎಂದು ಮುದುಕ ಸಿಡುಕಿದ.

ರಾಜ ದೂಮನನ್ನು ಪೀಠಕ್ಕೇರಿಸಿ ಮುದ್ರೆಯುಂಗುರ ತೊಡಿಸಿದ. ದೂಮ ಕೂತಲ್ಲೇ ಮೊದಲ ಮೊಕದ್ದಮೆ ಕೂಗಿಸಿದ. “ಅಹವಾಲು ಕೇಳದೆ ಅಂಬಿಗ ಐತನನ್ನು ಕೊಂದ ಆರೋಪ. ಆರೋಪಿ ವ್ಯಾಘ್ರಸೇನ.”

ವ್ಯಾಘ್ರಸೇನ ಕಟಕಟೆಯಲ್ಲಿ ನಿಂತು, “ನನ್ನ ಮಾತು ಕೇಳು...” ಎಂದ.

“ನಿಮ್ಮ ಬರೆಯುವ ವಕೀಲ ಯಾರು?”

ವ್ಯಾಘ್ರಸೇನ ವಕೀಲರ ಸಾಲಿಗೆ ಓಡಿದ. ತಲೆ ಕಳೆದುಕೊಂಡ ಹತ್ತು ಜನರಲ್ಲಿ ಆ ವಕೀಲರ ಮಕ್ಕಳಿದ್ದರು, ಶಿಷ್ಯರಿದ್ದರು. ಒಬ್ಬರೂ ಲೇಖನಿ ಮುಟ್ಟಲಿಲ್ಲ. “ಎರಡು ಸಾಲು ಬರೆದುಕೊಡ್ರಯ್ಯಾ” ಎಂದು ಒಬ್ಬೊಬ್ಬರ ಮುಂದೂ ಅಂಗಲಾಚಿ, ಕೊನೆಗೆ ಬರಿಗೈಲಿ ಬಂದು ನಿಂತ. ದೂಮ ಅವಸರ ಮಾಡಲಿಲ್ಲ. ಆ ಓಡಾಟವನ್ನು ಕಣ್ತುಂಬ ನೋಡಿದ, ಹೊಟ್ಟೆ ತಣ್ಣಗಾಗುವಷ್ಟು ನೋಡಿದ.

“ಐತನ ಮೇಲೆ ನೀವೇ ಕೊಟ್ಟ ತೀರ್ಪಿನಂತೆ, ಮಾತು ಕೇಳಲಾಗದು. ಸಂಜೆಗೆ ಗಲ್ಲು.”

“ದೂಮಾ, ಆ ತೀರ್ಪೇ ಅನ್ಯಾಯದ್ದಲ್ಲವೇನಯ್ಯಾ?” ಎಂದ ರಾಜ, ತಡೆಯಲಾರದೆ.

“ಹೌದು ಮಹಾಸ್ವಾಮಿ, ಶುದ್ಧ ಅನ್ಯಾಯ,” ಎಂದು ದೂಮ ಹೊಸ ಹಾಳೆ ಎಳೆದುಕೊಂಡ. “ನಾಳೆ ಬೆಳಗ್ಗೆ ರದ್ದು ಮಾಡ್ತೀನಿ.”