ದಡ ಸೇರಿದ ಹರಿಗೋಲು

"ಗುರುಗಳೇ, ಎದುರಾಳಿಗೆ ಮರುಮಾತು ಹುಟ್ಟದಂತೆ ಮಾಡಿದ ಮೇಲೆ ನಮ್ಮ ಮಾತೇ ಸರಿ ಎಂದಾಯಿತಲ್ಲವೇ?" ಎಂದು ಶಿಷ್ಯನೊಬ್ಬ ಕೇಳಿದ. ಹಿಂದಿನ ದಿನ ಅವನು ಮಠಕ್ಕೆ ಬಂದ ಪಂಡಿತರೊಬ್ಬರ ಬಾಯಿ ಮುಚ್ಚಿಸಿದ್ದ. ಆ ಹಿಗ್ಗು ಇನ್ನೂ ಇಳಿದಿರಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಅಂಬಿಗನಿದ್ದ. ಬಿದಿರಿನ ಹೆಣಿಗೆಗೆ ಎಮ್ಮೆಯ ತೊಗಲು ಹೊದಿಸಿದ ಹರಿಗೋಲಿನಲ್ಲಿ ಜನರನ್ನು ಹೊಳೆ ದಾಟಿಸುತ್ತಿದ್ದ. ಸಂಜೆ ಕೆಲಸ ಮುಗಿದ ಮೇಲೆ ಹರಿಗೋಲನ್ನು ದಡಕ್ಕೆಳೆದು ಬೋರಲು ಹಾಕಬೇಕು, ಹೊಲಿಗೆಯುದ್ದಕ್ಕೂ ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಅದು ಅಂಬಿಗರ ಪದ್ಧತಿ. ಅವನೇನೂ ಸೋಮಾರಿಯಲ್ಲ, ಸುಗ್ಗಿಯ ಓಡಾಟದಲ್ಲಿ ಎಂಟು ದಿನದಿಂದ ಅದಕ್ಕೆ ಪುರುಸೊತ್ತಾಗಿರಲಿಲ್ಲ, ಅಷ್ಟೇ.

ಅಂದು ಅವನ ಮಗಳು ಹಸುಗೂಸನ್ನು ಆಚೆ ದಡದ ದೇವರ ಪಾದಕ್ಕೆ ಹಾಕಲು ಹೊರಟಿದ್ದಳು. ಅವಳು ಹರಿಗೋಲಿನಲ್ಲಿ ಕುಳಿತಾಗ, ದಡದಲ್ಲಿ ಸರದಿಗೆ ಕಾದಿದ್ದ ಜನರ ನಡುವಿನಿಂದ ತೊಗಲು ಹದ ಮಾಡುವವನೊಬ್ಬ ಬಗ್ಗಿ ನೋಡಿದ.

"ಅಂಬಿಗಣ್ಣ, ತೊಗಲು ನೆನೆದು ಹಣ್ಣಾದಂತಿದೆ. ಒಂದು ಸಲ ಬೋರಲು ಹಾಕಿ ಒತ್ತಿ ನೋಡು."

ಎಂಟು ದಿನದಿಂದ ಒತ್ತಿ ನೋಡಿಲ್ಲವೆಂಬುದು ಅಂಬಿಗನಿಗೆ ನೆನಪಾಯಿತು. ಆದರೆ ಮಗಳ ಎದುರು, ಅಷ್ಟು ಜನರ ಎದುರು, ಹೂಂ ಎನ್ನಲು ಬಾಯಿ ಬರಲಿಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಈ ಮಹಾರಾಯನಿಗೆ ಎರಡೂ ಚೆನ್ನಾಗಿ ಬರುತ್ತಿದ್ದವು.

"ನೀನು ಯಾವತ್ತಾದರೂ ಹುಟ್ಟು ಹಾಕಿದ್ದೀಯೇನೋ? ನಿನ್ನ ಚಪ್ಪಲಿಯೇ ಕಿತ್ತುಹೋಗಿದೆ, ಮೊದಲು ಅದನ್ನು ನೋಡಿಕೋ" ಎಂದ. ಜನ ನಕ್ಕರು.

"ಚಪ್ಪಲಿ ಕಿತ್ತಿರುವುದು ನಿಜ. ನೀನು ತೊಗಲು ನೋಡು."

"ನಮ್ಮಪ್ಪ ಇಂಥದೇ ಹರಿಗೋಲು ನಡೆಸಿ ಮುದುಕನಾದ. ನಿನ್ನೆ ನಲವತ್ತು ಮಂದಿ ದಾಟಿದರು, ಒಬ್ಬರಾದರೂ ಸೊಲ್ಲೆತ್ತಿದರೇ? ನಿನ್ನ ಮಾತು ಕೇಳಿದರೆ ಊರಿನವರು ಹೊಳೆ ದಾಟುವುದನ್ನೇ ಬಿಡಬೇಕು!"

ಜನ ಭೇಷ್ ಎಂದರು. ತೊಗಲಿನವನು ಹಿಂದೆ ಸರಿದು ನಿಂತ. ಇಷ್ಟು ಮಾತಾಡುವ ಹೊತ್ತಿನಲ್ಲಿ ಹರಿಗೋಲನ್ನು ಎರಡು ಸಲ ಬೋರಲು ಹಾಕಬಹುದಿತ್ತು.

ಅಂಬಿಗ ಹುಟ್ಟು ಹಾಕಿದ. ನಡುಹೊಳೆಯಲ್ಲಿ ಹೊಲಿಗೆಯೊಂದು ಬಾಯಿ ಬಿಟ್ಟು ನೀರು ಒಸರತೊಡಗಿತು. ಮಗಳು ಕೂಸನ್ನು ಹೆಗಲಿಗೇರಿಸಿಕೊಂಡು, ಒಂದು ಕೈಯಲ್ಲಿ ಚೊಂಬಿನಿಂದ ನೀರು ತೋಡಿ ಹೊರಗೆ ಚೆಲ್ಲಿದಳು. ಅವಳಿಗೆ ಅಳು ಬಂದಿತ್ತು. ಅಂಬಿಗ ಅವಳ ಮುಖ ನೋಡದೆ ಹುಟ್ಟು ಹಾಕಿದ. ಅಂತೂ ಹರಿಗೋಲು ಆಚೆ ದಡ ಮುಟ್ಟಿತು. ಅಂಬಿಗ ನೆಲಕ್ಕೆ ಹಾರಿದವನೇ ಈಚೆಗೆ ತಿರುಗಿ, "ನೋಡಿದೆಯೇನೋ? ದಡ ಸೇರಿತು!" ಎಂದು ಕೂಗಿದ. ಈಚೆ ದಡದವರು ಕೇಕೆ ಹಾಕಿದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಯಿತು.

"ದಡ ಸೇರಿತಲ್ಲ ಗುರುಗಳೇ. ಅಲ್ಲಿಗೆ ಅಂಬಿಗನ ಮಾತೇ ನಿಜವಾಯಿತು" ಎಂದ.

ಗುರುಗಳು ಹೇಳಿದರು: "ಸಂಜೆ ಮಗಳೂ ಕೂಸೂ ಅದೇ ಹರಿಗೋಲಿನಲ್ಲಿ ಮರಳಬೇಕಲ್ಲಪ್ಪ."