ಭರಣಿಯ ಅಡಿಯ ಕಲ್ಲು

"ಗುರುಗಳೇ, ತಪ್ಪು ಒಪ್ಪಿಕೊಂಡ ಮೇಲೂ ಅದು ಯಾಕೆ ಹೋಗುವುದಿಲ್ಲ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ನಿರುಪಾದಿ. ಮಠದ ಜಗಲಿಯ ಮೆಟ್ಟಿಲ ಬಳಿ ನಿಂತಿದ್ದ. ಹೆಗಲಲ್ಲಿ ಬಟ್ಟೆಯ ಚೀಲ. ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಆದರೂ ಮಾತಿನ ನಡುವೆ ರಸ್ತೆಯ ಕಡೆ ನೋಡುತ್ತಿದ್ದ.

"ಕೂತು ಮಾತಾಡು" ಎಂದರು ಗುರುಗಳು.

ಕುಳಿತ. ಚೀಲ ಕೆಳಗಿಡಲಿಲ್ಲ.

"ಯಾವ ತಪ್ಪು?"

"ಅಣ್ಣನ ಮಗಳ ಮದುವೆಯಲ್ಲಿ ಹೋಳಿಗೆ ಸಾಲದೆ ಬಂತು. ಬೀಗರು ಪಂಕ್ತಿಯಲ್ಲಿ ಕೂತಿದ್ದರು. ಅವರೆದುರಿಗೇ ಅಣ್ಣನಿಗೆ, 'ಒಂದು ಮದುವೆ ನಡೆಸಲು ಬಾರದವನು ನೀನು' ಎಂದುಬಿಟ್ಟೆ. ಅವತ್ತೇ ಕಾಲಿಗೆ ಬಿದ್ದೆ. ಅಣ್ಣ ನಕ್ಕ. 'ಹೋಗಲಿ ಬಿಡೋ, ಎದ್ದು ಊಟ ಮಾಡು' ಎಂದ."

"ಮುಗಿಯಿತಲ್ಲ."

"ನನಗೆ ಮುಗಿಯಲಿಲ್ಲ. ಮರುವಾರ ಹೋಗಿ ಮತ್ತೆ ಕ್ಷಮೆ ಕೇಳಿದೆ. ಹಬ್ಬಕ್ಕೆ ಹೋದಾಗ ಅತ್ತಿಗೆಯ ಮುಂದೆ ಕೇಳಿದೆ. ಆಮೇಲೆ ಬೀಗರನ್ನೂ ಕೂರಿಸಿಕೊಂಡು ಕೇಳಿದೆ. ಹೋದ ಹಾಗೆಲ್ಲ ಅಣ್ಣನ ಮುಖ ಬಿಗಿಯಾಯಿತು. ಕಳೆದ ಸಲ, ಅವನ ಮನಸ್ಸು ಹಗುರವಾಗಲಿ ಎಂದು ಒಂದು ಮಾತು ಹೇಳಿದೆ. 'ನೀನೂ ಒಮ್ಮೆ ಅಪ್ಪನ ಮೇಲೆ ಕೈ ಎತ್ತಿದ್ದೆಯಲ್ಲ, ನಾನು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆಯೇ' ಎಂದೆ. ಅಣ್ಣ ಎದ್ದು ಒಳಗೆ ಹೋದ. ಬಾಗಿಲು ಹಾಕಿಕೊಂಡ."

"ಈಗ ಮತ್ತೆ ಅಲ್ಲಿಗೇ ಹೊರಟಿದ್ದೀಯ."

"ಹೌದು. ಈ ಸಲ ಸರಿಯಾಗಿ ಕೇಳಬೇಕು. ನನ್ನವನು ಅಂತ ಇರುವವನು ಅವನೊಬ್ಬನೇ."

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ಮನೆಯಲ್ಲಿ ಒಬ್ಬ ಅತ್ತೆ ಇದ್ದಳು. ಆ ಮನೆಯ ಅಡುಗೆ ಕಟ್ಟೆಗೆ ಕಪ್ಪು ಕಡಪ ಕಲ್ಲು ಹಾಸಿತ್ತು. ಅತ್ತೆ ಅದನ್ನು ನೋಡಿಕೊಳ್ಳುವ ರೀತಿ ಸರಳ. ಅಡುಗೆಯಾದ ಮೇಲೆ ಅಂಟುವಾಳ ನೆನೆಸಿದ ನೀರಿನಲ್ಲಿ ಬಟ್ಟೆ ಅದ್ದಿ ಒರೆಸುವಳು. ಒಣಬಟ್ಟೆಯಿಂದ ಇನ್ನೊಮ್ಮೆ ಒರೆಸುವಳು. ವಾರಕ್ಕೊಮ್ಮೆ ಬೆರಳಿನಲ್ಲಿ ಕೊಬ್ಬರಿ ಎಣ್ಣೆ ತೆಗೆದು ಸವರಿ, ಹೆಚ್ಚಾದುದನ್ನು ಬಟ್ಟೆಗೆ ತೆಗೆಯುವಳು. ಬೇರೆ ಏನೂ ಇಲ್ಲ. ಕಲ್ಲು ಬಾವಿಯ ನೀರಿನ ಹಾಗೆ ಕಪ್ಪಗೆ ಹೊಳೆಯುತ್ತಿತ್ತು.

ಕಟ್ಟೆಯ ಮೂಲೆಯಲ್ಲಿ ಉಪ್ಪಿನಕಾಯಿಯ ಭರಣಿ ಇತ್ತು. ಅದನ್ನು ಸರಿಸಿ ಒರೆಸುವ ಕೆಲಸ ಮಾತ್ರ ಅತ್ತೆ ಬೇರೆಯವರಿಗೆ ಕೊಡುತ್ತಿರಲಿಲ್ಲ.

ಆ ಮನೆಗೆ ಸೊಸೆ ಬಂದಳು. ತಾಯಿ ಇಲ್ಲದೆ ಬೆಳೆದ ಹುಡುಗಿ. ಮೊದಲ ದಿನವೇ ಅತ್ತೆ ಅವಳನ್ನು 'ಮಗಳೇ' ಎಂದು ಕರೆದಳು. ಹುಡುಗಿಗೆ ಆ ಮಾತು ಹೊಸದು. ಅದನ್ನು ಎಲ್ಲಿ ಕಳೆದುಕೊಳ್ಳುತ್ತೇನೋ ಎಂಬ ಹೆದರಿಕೆಯೂ ಅವತ್ತೇ ಹುಟ್ಟಿತು.

ಹಬ್ಬ ಬಂತು. ದೇವರ ಮನೆಯ ಹಿತ್ತಾಳೆ ಸಾಮಾನು ಬೆಳಗಬೇಕಿತ್ತು. ತವರಿನಲ್ಲಿ ಹಿತ್ತಲಿನಲ್ಲಿ ಕೂತು ತಿಕ್ಕಿ ಅಭ್ಯಾಸ. ಇಲ್ಲಿ ಹಿತ್ತಲಿಲ್ಲ. ಸೊಸೆ ದೀಪ, ತಂಬಿಗೆ, ಗಂಟೆ ಎಲ್ಲವನ್ನೂ ಅಡುಗೆ ಕಟ್ಟೆಯ ಮೇಲೆ ಇಟ್ಟುಕೊಂಡು ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಹಿತ್ತಾಳೆ ಬಂಗಾರದ ಹಾಗಾಯಿತು. ಉಳಿದ ಹುಣಸೆಯ ಉಂಡೆ ಕಲ್ಲಿನ ಮೇಲೆಯೇ ಇತ್ತು. ಸಂಜೆ ಅದನ್ನು ಎತ್ತಿದಾಗ ಅಡಿಯಲ್ಲಿ ಬೂದುಬಣ್ಣದ ಮಚ್ಚೆ ಕಂಡಿತು. ಒಂದು ನಿಪ್ಪಟ್ಟಿನಷ್ಟಿತ್ತು.

ಅತ್ತೆ ಬಂದು ನೋಡಿದಳು.

"ಹುಣಸೆ ಇಟ್ಟಿದ್ದೆಯಾ?"

"ಹೂಂ ಅತ್ತೆ. ಗೊತ್ತಾಗಲಿಲ್ಲ. ತಪ್ಪಾಯಿತು."

"ಆಯಿತು ಬಿಡು ಮಗಳೇ. ಕಟ್ಟೆ ಇರುವುದು ಅಡುಗೆ ಮಾಡುವುದಕ್ಕೆ. ಮುಖ ನೋಡಿಕೊಳ್ಳುವುದಕ್ಕಲ್ಲ. ಹಿಟ್ಟು ಕಲಸು."

ಅತ್ತೆಯೇ ಹಿಟ್ಟಿನ ಪರಾತ ತಂದು ಆ ಮಚ್ಚೆಯ ಮೇಲೆ ಇಟ್ಟಳು.

ಸೊಸೆ ಹಿಟ್ಟು ಕಲಸಿದಳು. ಮನಸ್ಸು ಪರಾತದ ಅಡಿಯಲ್ಲಿತ್ತು. ಅತ್ತೆ ಬಾಯಿಯಲ್ಲಿ ಬಿಡು ಎನ್ನುತ್ತಾಳೆ. ಆದರೆ ದಿನವೂ ಇಲ್ಲಿಗೇ ಬರಬೇಕು, ಇದನ್ನೇ ನೋಡಬೇಕು. ಮಚ್ಚೆ ಇರುವ ತನಕ ಸಿಟ್ಟೂ ಇರುತ್ತದೆ ಎಂದುಕೊಂಡಳು.

ಮರುದಿನ ನಿಂಬೆಹೋಳಿಗೆ ಉಪ್ಪು ಅದ್ದಿ ತಿಕ್ಕಿದಳು. ನೀರು ಹಾಕಿದಳು. ಮಚ್ಚೆ ಮಾಯವಾಯಿತು. ಅವಳಿಗೆ ಅಳುವಷ್ಟು ಸಂತೋಷವಾಯಿತು. ಕಲ್ಲು ಒಣಗಿತು. ಮಚ್ಚೆ ತಿರುಗಿ ಬಂತು. ಈಗ ಅದು ದೋಸೆಯಷ್ಟಿತ್ತು.

ಅಲ್ಲಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ ತಿಕ್ಕುವಳು. ಮಲಗುವ ಮೊದಲು ತಿಕ್ಕುವಳು. ಒದ್ದೆ ಇರುವಷ್ಟು ಹೊತ್ತು ಕಲ್ಲು ಕಪ್ಪಗೆ ಕಾಣುತ್ತಿತ್ತು. ಆ ಹೊತ್ತಿನಲ್ಲಿ ಅವಳಿಗೆ ಉಸಿರು ಬರುತ್ತಿತ್ತು. ಒಣಗಿದ ಕೂಡಲೇ ಮತ್ತೆ ನಿಂಬೆ ಹುಡುಕುವಳು.

ಪಕ್ಕದ ಮನೆಯಾಕೆ ಇಣುಕಿದಳು.

"ಏನೇ, ಹೋದ ವಾರವೂ ಇದನ್ನೇ ತಿಕ್ಕುತ್ತಿದ್ದೆ. ಕಲ್ಲನ್ನು ತಿಕ್ಕಿ ಕನ್ನಡಿ ಮಾಡುತ್ತೀಯಾ?"

"ಹೋಗುತ್ತಿಲ್ಲ ಅಕ್ಕ."

"ನಿಂಬೆಗೆ ಎಲ್ಲಿ ಹೋಗುತ್ತದೆ. ವಿನಿಗರ್ ಹಾಕಿ ಮೇಲೆ ಸೋಡಾ ಉದುರಿಸು. ನಮ್ಮ ಮನೆಯ ಸಿಂಕು ಹೇಗಿದೆ ಬಂದು ನೋಡು."

ಸೊಸೆ ವಿನಿಗರ್ ಹಾಕಿದಳು. ಸೋಡಾ ಉದುರಿಸಿದಳು. ಬುಸ್ಸೆಂದು ನೊರೆ ಎದ್ದಿತು. ಕೊಳೆ ಹೊರಡುತ್ತಿದೆ ಎಂದುಕೊಂಡು ಇನ್ನೂ ಸುರಿದಳು. ಅದು ಹರಿದಲ್ಲೆಲ್ಲ ಕಲ್ಲು ಮಂಕಾಯಿತು. ಅದಕ್ಕೆ ಹುಳಿ ಮಜ್ಜಿಗೆ ಹಚ್ಚಿದಳು. ಅದಕ್ಕೆ ಬೂದಿ ಹಾಕಿ ತೆಂಗಿನ ನಾರಿನಿಂದ ತಿಕ್ಕಿದಳು. ಅತ್ತೆ ವಾರದ ಎಣ್ಣೆ ಸವರಿದರೆ ಸೊಸೆ ಮರುದಿನವೇ ಅದನ್ನು ಬೂದಿಯಿಂದ ಕಿತ್ತುಹಾಕುವಳು. ಎಣ್ಣೆಯ ಅಡಿಯಲ್ಲಿ ಮಚ್ಚೆ ಅಡಗಿ ಕೂತಿದೆ ಎಂದು ಅವಳ ಭಾವನೆ.

ಮನೆಯಲ್ಲಿ ಊಟ ತಡವಾಗತೊಡಗಿತು. "ಈ ಮನೆಯಲ್ಲಿ ಮೊದಲು ಕಲ್ಲಿಗೆ ಬಡಿಸುತ್ತಾರೆ, ಆಮೇಲೆ ನಮಗೆ" ಎಂದು ಗಂಡ ನಗೆಯಾಡಿದ. ಯಾರೂ ನಗಲಿಲ್ಲ. ಸೊಸೆಯ ಬೆರಳುಗಳು ಒಡೆದವು. ಖಾರ ಮುಟ್ಟಿದರೆ ಕಣ್ಣಲ್ಲಿ ನೀರು ಬರುತ್ತಿತ್ತು.

"ಬಿಡು ಎಂದೆನಲ್ಲ" ಎಂದಳು ಅತ್ತೆ.

"ಇದೊಂದು ಸಲ ಅತ್ತೆ. ನೀವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ."

"ನಾನು ಇಟ್ಟುಕೊಂಡಿಲ್ಲ. ನೀನೇ ದಿನಾ ತಂದು ಇಡುತ್ತಿದ್ದೀ."

ಸೊಸೆ ಅದನ್ನು ಸಿಟ್ಟು ಎಂದು ತಿಳಿದಳು. ನೆಂಟರು ಬಂದಾಗ ಅವರನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, "ಇದು ನನ್ನ ತಪ್ಪು, ಅತ್ತೆಯದು ಏನೂ ಇಲ್ಲ" ಎಂದು ತೋರಿಸಿದಳು. ನೆಂಟರು ಕಲ್ಲನ್ನು ನೋಡಲಿಲ್ಲ. ಅವಳ ಒಡೆದ ಕೈ ನೋಡಿದರು. ಆಮೇಲೆ ಅತ್ತೆಯ ಮುಖ ನೋಡಿದರು. ಅತ್ತೆ ಚಹಾ ಸೋಸಿದಳು.

ಒಂದು ಬೆಳಿಗ್ಗೆ ಅತ್ತೆ ಸಂತೆಗೆ ಹೋದಳು. ಸೊಸೆ ಒಂದು ನಿರ್ಧಾರಕ್ಕೆ ಬಂದಿದ್ದಳು. ಬಿಡಿಬಿಡಿಯಾಗಿ ತಿಕ್ಕಿದ್ದೇ ತಪ್ಪು, ಕಟ್ಟೆಯನ್ನು ಪೂರ್ತಿ ಒಂದೇ ಸಲ ತೊಳೆಯಬೇಕು. ಡಬ್ಬಗಳನ್ನು ಇಳಿಸಿದಳು. ಒಲೆ ಇಳಿಸಿದಳು. ಕೊನೆಗೆ ಮೂಲೆಯ ಭರಣಿ ಎತ್ತಿದಳು.

ಭರಣಿಯ ಅಡಿಯಲ್ಲಿ ಒಂದು ಮಚ್ಚೆ ಇತ್ತು. ಹಳೆಯದು. ದೊಡ್ಡದು. ಹೆಚ್ಚುಕಡಿಮೆ ಕಪ್ಪೇ ಆಗಿತ್ತು. ಬಾಗಿ ಓರೆಯಾಗಿ ನೋಡಿದರೆ ಮಾತ್ರ ಅದರ ಅಂಚು ತಿಳಿಯುತ್ತಿತ್ತು.

ಸೊಸೆಗೆ ಒಂದು ಕ್ಷಣ ಹಗುರವಾಯಿತು. ನನ್ನದೊಂದೇ ಅಲ್ಲ ಎಂದುಕೊಂಡಳು. ಇದನ್ನೂ ತೆಗೆದುಬಿಟ್ಟರೆ ಅತ್ತೆಗೆ ಎಷ್ಟು ಸಂತೋಷವಾಗಬಹುದು ಎಂದೂ ಅನ್ನಿಸಿತು. ನಿಂಬೆ ಹಿಂಡಿದಳು. ಬೂದಿ ಹಾಕಿದಳು. ತೋಳು ಸೋಲುವವರೆಗೆ ತಿಕ್ಕಿದಳು. ಒರೆಸಿದಳು.

ಅತ್ತೆ ಬರುವ ಹೊತ್ತಿಗೆ ಕಲ್ಲು ಒಣಗಿತ್ತು. ಮೂಲೆಯಲ್ಲಿ ತಟ್ಟೆಯಷ್ಟು ಜಾಗ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು.

ಅತ್ತೆ ತರಕಾರಿಯ ಕೈಚೀಲ ಕೆಳಗಿಟ್ಟಳು.

"ಭರಣಿ ಯಾಕೆ ಎತ್ತಿದೆ?"

"ಅಡಿಯಲ್ಲಿ ಹಳೆಯ ಕಲೆ ಇತ್ತು ಅತ್ತೆ. ಅದನ್ನೂ ತೆಗೆಯೋಣ ಅಂತ."

"ಅದು ನನ್ನದು" ಎಂದಳು ಅತ್ತೆ.

ಸೊಸೆಯ ಕೈಯಲ್ಲಿ ನಿಂಬೆಯ ಸಿಪ್ಪೆ ಹಾಗೆಯೇ ಇತ್ತು.

"ಈ ಮನೆಗೆ ಬಂದ ವರ್ಷ ಮಾಡಿದ್ದು. ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚಿ ಕಲ್ಲಿನ ಮೇಲೆಯೇ ಬಿಟ್ಟಿದ್ದೆ. ನನ್ನ ಅತ್ತೆ ಬೈಯಲಿಲ್ಲ. ಭರಣಿ ತಂದು ಅದರ ಮೇಲಿಟ್ಟರು. ಸಾಯುವ ತನಕ ಯಾರಿಗೂ ಹೇಳಲಿಲ್ಲ. ನನಗೂ ಹೇಳಲಿಲ್ಲ. ವಾರವಾರವೂ ಭರಣಿ ಎತ್ತಿ ಎಣ್ಣೆ ಸವರಿದೆ. ಅದು ಕಪ್ಪಾಗುವ ಹೊತ್ತಿಗೆ ನನ್ನ ತಲೆ ಬೆಳ್ಳಗಾಯಿತು."

ಅತ್ತೆ ಹೆಬ್ಬೆರಳಿನಿಂದ ಕಲ್ಲನ್ನು ಮುಟ್ಟಿ ನೋಡಿದಳು.

"ಇದು ಕೊಳೆಯಲ್ಲ, ತಿಕ್ಕಿದರೆ ಹೋಗುವುದಕ್ಕೆ. ಹುಳಿ ಕಲ್ಲನ್ನು ತಿಂದ ಜಾಗ. ನೀನು ತೊಳೆಯುತ್ತಿರಲಿಲ್ಲ. ತಿನ್ನಿಸುತ್ತಿದ್ದೆ."

"ಮೊದಲೇ ಹೇಳಬಾರದಿತ್ತೇ ಅತ್ತೆ?"

"ಬಿಡು ಎಂದೆ. ಇನ್ನೇನು ಹೇಳಬೇಕಿತ್ತು?"

ಅವತ್ತು ಅತ್ತೆ 'ಮಗಳೇ' ಎನ್ನಲಿಲ್ಲ. ಮರುದಿನ ಬಟ್ಟೆ ಕಟ್ಟಿಕೊಂಡು ತನ್ನ ತಂಗಿಯ ಊರಿಗೆ ಹೋದಳು. ಯಾವಾಗ ಬರುತ್ತೇನೆಂದು ಹೇಳಲಿಲ್ಲ.

ಸೊಸೆ ಹಿಂದೆಯೇ ಹೊರಟಳು. ಸೀರೆ ಬದಲಿಸಿದಳು. ಚಪ್ಪಲಿ ಮೆಟ್ಟಿದಳು. ಬಾಗಿಲಲ್ಲಿ ಗಂಡ ನಿಂತಿದ್ದ.

"ಎಲ್ಲಿಗೆ?"

"ಅತ್ತೆಯ ಕಾಲು ಹಿಡಿದು ಕೇಳಿಕೊಳ್ಳುತ್ತೇನೆ."

"ಕೇಳಿ ಕೇಳಿಯೇ ಅಲ್ಲವೇ ಅಮ್ಮ ಹೋದದ್ದು" ಎಂದ ಗಂಡ. ದಾರಿ ಬಿಟ್ಟು ನಿಂತ.

ದಾರಿ ತೆರೆದಿತ್ತು. ಸೊಸೆ ಬಹಳ ಹೊತ್ತು ಹೊಸ್ತಿಲಲ್ಲಿ ನಿಂತಳು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದಳು. ಅಂಟುವಾಳದ ನೀರಿನಲ್ಲಿ ಕಟ್ಟೆ ಒರೆಸಿದಳು. ಒಣಬಟ್ಟೆಯಿಂದ ಒರೆಸಿದಳು. ಬೆರಳಿನಲ್ಲಿ ಎಣ್ಣೆ ತೆಗೆದು ಮೂಲೆಯ ಬಿಳಿ ಜಾಗಕ್ಕೆ ಸವರಿ, ಭರಣಿಯನ್ನು ಅದರ ಮೇಲಿಟ್ಟಳು. ತನ್ನ ಮಚ್ಚೆಗೂ ಸವರಿದಳು. ಅವತ್ತು ಅದು ಕಪ್ಪಗೆ ಕಂಡಿತು. ಮರುದಿನ ಎಣ್ಣೆ ಆರಿ ಮತ್ತೆ ಬೆಳ್ಳಗಾಯಿತು. ಅವಳ ಕೈ ನಿಂಬೆಯ ಬುಟ್ಟಿಯ ತನಕ ಹೋಯಿತು. ಹಿಂದಕ್ಕೆ ಬಂತು. ಪರಾತ ತಂದು ಮಚ್ಚೆಯ ಮೇಲಿಟ್ಟು ಹಿಟ್ಟು ಕಲಸಿದಳು. ಅವತ್ತು ಆ ಮನೆಯಲ್ಲಿ ಊಟ ಹೊತ್ತಿಗೆ ಸರಿಯಾಗಿ ಆಯಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಅತ್ತೆ ತಿರುಗಿ ಬಂದಳೇ?" ಎಂದು ನಿರುಪಾದಿ ಕೇಳಿದ.

"ಕಲ್ಲು ಎಣ್ಣೆ ಕುಡಿಯುವುದಕ್ಕೆ ಹೊತ್ತು ಹಿಡಿಯುತ್ತದೆ."

ರಸ್ತೆಯ ತಿರುವಿನಲ್ಲಿ ಬಸ್ಸಿನ ಸದ್ದು ಕೇಳಿತು. ನಿರುಪಾದಿ ಎದ್ದುಬಿಟ್ಟ. ಚೀಲವನ್ನು ಎದೆಗೆ ಒತ್ತಿಕೊಂಡ.

"ಕತೆ ತಿಳಿಯಿತು ಗುರುಗಳೇ. ಈ ಸಲ ಹೆಚ್ಚು ಮಾತಾಡುವುದಿಲ್ಲ. ಅಣ್ಣನಿಗೆ ಒಂದು ಜೊತೆ ಪಂಚೆ ತೆಗೆದಿದ್ದೇನೆ. ಕೈಗೆ ಕೊಟ್ಟು, ಅವತ್ತಿನದಕ್ಕೆ ಅಂತ ಒಂದೇ ಮಾತು ಹೇಳಿ ಬಂದುಬಿಡುತ್ತೇನೆ."

ಬಸ್ಸು ಬಂದು ಮಠದ ಎದುರು ನಿಂತಿತು.

ಗುರುಗಳು ಚೀಲದ ಕಡೆ ನೋಡಿ ಕೇಳಿದರು: "ಅದರೊಳಗಿರುವುದು ನಿಂಬೆಯೋ, ಹುಣಸೆಯೋ?"

ನಿರುಪಾದಿ ಚೀಲವನ್ನು ಜಗಲಿಯ ಮೇಲೆ ಇಳಿಸಿದ. ಬಸ್ಸು ಹೋಯಿತು.