ತಿರುಗದ ಫ್ಯಾನು, ತಿನ್ನದ ಹುಳು

ಹತ್ರ ಬನ್ನಿ ಮಕ್ಕಳೇ, ಕಿವಿ ಇಲ್ಲಿ ಕೊಡಿ!

ಕೆಂಪಕ್ಕ ರೇಷ್ಮೆ ಹುಳು ಸಾಕ್ತಾಳೆ. ಹುಳುಮನೆ ತುಂಬ ಬಿಳಿ ಬಿಳಿ ಹುಳು. ಸೊಪ್ಪು ಹಾಕಿದ್ರೆ ಸರಸರ, ಸರಸರ ತಿಂತಾವೆ.

ಒಂದು ಸಂಜೆ ಸದ್ದೇ ಇಲ್ಲ! ಹುಳುಮನೆಯ ತಂಪು ಕಳೆದುಹೋಗಿತ್ತು. ತಿನ್ನದಿದ್ರೆ ಹುಳು ಗೂಡು ಕಟ್ಟಲ್ಲ. ಸತ್ತೇ ಹೋಗ್ತಾವೆ. ಕೆಂಪಕ್ಕ ಹುಳುಗಳ ಹತ್ರ ಬಗ್ಗಿದ್ಲು.

"ಹುಳುವೇ, ಹುಳುವೇ, ಯಾಕೆ ತಿನ್ನಲ್ಲ?"

"ಫ್ಯಾನು ತಿರುಗಲ್ಲ. ತಂಪು ಬರಲ್ಲ. ನಾನು ತಿನ್ನಲ್ಲ."

ಕೆಂಪಕ್ಕ ಹೊರಗಿನ ಗಾಳಿ ಒಳಗೆಳೆಯೋ ಫ್ಯಾನಿನ ಹತ್ರ ಹೋದ್ಲು.

"ಫ್ಯಾನೇ, ಫ್ಯಾನೇ, ನೀನು ತಿರುಗಲ್ಲ, ಹುಳು ತಿನ್ನಲ್ಲ. ಯಾಕೆ ತಿರುಗಲ್ಲ?"

"ತಿರುಗು ಅಂತ ಪೆಟ್ಟಿಗೆ ಹೇಳಲ್ಲ. ನಾನು ತಿರುಗಲ್ಲ."

ಗೋಡೆ ಮೇಲೆ ಹಸಿರು ದೀಪದ ಜಾಣ ಪೆಟ್ಟಿಗೆ. ಕೆಂಪಕ್ಕ ಅಲ್ಲಿಗೆ ಹೋದ್ಲು.

"ಪೆಟ್ಟಿಗೆಯೇ, ಪೆಟ್ಟಿಗೆಯೇ, ನೀನು ಹೇಳಲ್ಲ, ಫ್ಯಾನು ತಿರುಗಲ್ಲ, ಹುಳು ತಿನ್ನಲ್ಲ. ಯಾಕೆ ಹೇಳಲ್ಲ?"

"ಬಿಸಿ ಅಳೆಯೋ ಒಳಗಿನ ಸೆನ್ಸರನ್ನ ಕೇಳ್ದೆ. ಬಿಸಿ ಮೂವತ್ತೆರಡು ಅಂತು. ಹೊರಗಿನ ಸೆನ್ಸರನ್ನ ಕೇಳ್ದೆ. ಬಿಸಿ ನಲವತ್ತು ಅಂತು! ಹೊರಗೆ ತಂಪಿದ್ರೆ ಮಾತ್ರ ಫ್ಯಾನಿಗೆ ಹೇಳು ಅಂದಿದ್ದು ನೀನೇ ಅಲ್ವಾ ಕೆಂಪಕ್ಕ?"

ಹೊರಗೆ ನಲವತ್ತಾ? ಸಂಜೆ ಗಾಳಿ ತಣ್ಣಗೆ ಬೀಸ್ತಿದೆ! ಕೆಂಪಕ್ಕ ಹೊರಗೆ ಓಡಿದ್ಲು.

"ಸೆನ್ಸರೇ, ಸೆನ್ಸರೇ, ನೀನು ತಣಿಯಲ್ಲ, ಪೆಟ್ಟಿಗೆ ಹೇಳಲ್ಲ, ಫ್ಯಾನು ತಿರುಗಲ್ಲ, ಹುಳು ತಿನ್ನಲ್ಲ. ಯಾಕೆ ಸುಳ್ಳು ಹೇಳ್ತೀಯ?"

"ಸುಳ್ಳಲ್ಲ ಕಣಕ್ಕ! ಕೆಳಗೆ ನೀರೊಲೆ ಉರೀತಿದೆ. ನನ್ನ ಅಂಡು ಸುಡ್ತಿದೆ!"

ಕೆಂಪಕ್ಕ ಸೊಂಟದ ಮೇಲೆ ಕೈ ಇಟ್ಟಳು.

"ಒಲೆಯೇ, ಒಲೆಯೇ, ನೀನು ಆರಲ್ಲ, ಸೆನ್ಸರ್ ತಣಿಯಲ್ಲ, ಪೆಟ್ಟಿಗೆ ಹೇಳಲ್ಲ, ಫ್ಯಾನು ತಿರುಗಲ್ಲ, ಹುಳು ತಿನ್ನಲ್ಲ. ಆರಿಬಿಡು!"

ಒಲೆಗೆ ಬಂತು ನೋಡಿ ಸಿಟ್ಟು!

"ನಾನ್ಯಾಕೆ ಆರಲಿ? ಹಂಡೆ ನೀರು ಯಾರು ಕಾಯಿಸ್ತಾರೆ? ನನ್ನ ನೆತ್ತಿ ಮೇಲೆ ಆ ಸೆನ್ಸರನ್ನ ನೇತುಹಾಕಿದ್ದು ಯಾರು?"

ಕೆಂಪಕ್ಕ ನಾಲಿಗೆ ಕಚ್ಚಿಕೊಂಡಳು.

"ಅಯ್ಯೋ, ನಾನೇ! ಟವೆಲ್ ಹಾಕೋ ಮೊಳೆ ಖಾಲಿ ಇತ್ತು ಅಂತ ನಾನೇ ನೇತುಹಾಕ್ದೆ!"

ತೆಗೆದಳು. ಓಡಿದಳು. ಹೊಂಗೆಮರದ ನೆರಳಲ್ಲಿ ಕಟ್ಟಿದಳು. ಕಣ್ಣು ಮಿಟುಕಿಸದೆ ಅದರ ಅಂಕಿ ನೋಡಿದಳು. ನಲವತ್ತು... ಮೂವತ್ತೈದು... ಮೂವತ್ತು... ಇಪ್ಪತ್ತಾರು!

ಒಲೆ ಆರಲಿಲ್ಲ, ಪಾಪ, ಅದರ ಕೆಲಸ ಅದಕ್ಕೆ. ಆದರೆ ಸೆನ್ಸರ್ ತಣೀತು. ಪೆಟ್ಟಿಗೆ ಎರಡನ್ನೂ ಹೋಲಿಸಿ ನೋಡ್ತು. ಒಳಗೆ ಮೂವತ್ತೆರಡು, ಹೊರಗೆ ಇಪ್ಪತ್ತಾರು. ಪೆಟ್ಟಿಗೆ ಹೇಳ್ತು. ಫ್ಯಾನು ತಿರುಗ್ತು. ತಂಪು ಬಂತು. ಹುಳು ತಿಂತು!

"ಗೆದ್ದೆ ಕಣ್ರೋ!" ಅಂತ ಕೆಂಪಕ್ಕ ಕುಣಿದೇಬಿಟ್ಟಳು.

ಅಷ್ಟರಲ್ಲಿ ಹುಳುಗಳು ಎಲ್ಲ ಸೊಪ್ಪೂ ಖಾಲಿ ಮಾಡಿ ತಲೆ ಎತ್ತಿದವು.

"ಕೆಂಪಕ್ಕ, ಇನ್ನೂ ಹಾಕು!"

ಆ ಕಡೆ ಕೆಂಪಕ್ಕ ಬುಟ್ಟಿ ಹಿಡಿದು ತೋಟಕ್ಕೆ ಓಡಿದಳು. ಈ ಕಡೆ ನಮ್ಮ ಕತೆ ಕಾಲು ಚಾಚಿ ಮಲಗಿತು.